ಇಳಿಜಾರಿನ ಮನೆ, ಕೆಳಗಿನ ಕೋಣೆ, ಆರು ನಿಮಿಷಕ್ಕೊಮ್ಮೆ ಓಡುವ ಪಂಪು

2024ರ ಮಾರ್ಚ್, ಶಿವರಾತ್ರಿ ಕಳೆದ ವಾರ. ತಂಗಿ ಫೋನ್ ಮಾಡಿ, "ಅಣ್ಣ, ತೀರ್ಥಹಳ್ಳಿ ಹತ್ತಿರ ಒಂದು ಮನೆ ನೋಡಿದ್ದೇವೆ. ಮುಂಗಡ ಕೊಡುವ ಮೊದಲು ನೀನೊಮ್ಮೆ ಬಂದು ನೋಡಿ ಹೇಳು" ಎಂದಳು. ಭಾವ ಮೇಷ್ಟರಾಗಿದ್ದು ನಿವೃತ್ತರಾದವರು. ಸೇವೆಯ ಕಾಲವೆಲ್ಲ ಬಾಡಿಗೆ ಮನೆಗಳಲ್ಲೇ ಕಳೆದಿತ್ತು, ನಿವೃತ್ತಿಯ ಹಣದಲ್ಲಿ ಮುಕ್ಕಾಲು ಪಾಲು ಈ ಮನೆಗೇ ಹೋಗುವುದಿತ್ತು. ನಾನು ಮೂವತ್ತು ವರ್ಷ ಶಿವಮೊಗ್ಗದ ಸುತ್ತಮುತ್ತ ಕಟ್ಟಡಗಳ ಮೇಲ್ವಿಚಾರಣೆ ಮಾಡಿದವನು. ಮನೆಯವರ ಮನೆ ಎಂದಾಗ ಬೇರೆಯವರ ಮನೆ ನೋಡುವಷ್ಟು ನಿರಾಳವಾಗಿ ನೋಡಲು ಆಗುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಈ ಬರಹ ಆ ಪುಸ್ತಕದಿಂದ ಬಂದದ್ದು.

ಮನೆ ಗುಡ್ಡದ ಇಳಿಜಾರಿನಲ್ಲಿದೆ. ರಸ್ತೆ ಮೇಲೆ, ತೋಟ ಕೆಳಗೆ. ರಸ್ತೆಯ ಮಟ್ಟಕ್ಕೆ ಹೆಂಚಿನ ಮಾಡಿನ ಮೂರು ಕೋಣೆಯ ಮನೆ, ಅದರಡಿಯಲ್ಲಿ ಧರೆ ಕಡಿದು ಮಾಡಿದ ನಲವತ್ತು ಚದರ ಮೀಟರಿನ ಒಂದು ದೊಡ್ಡ ಕೋಣೆ. ಮಾರುವವರು ಅದನ್ನು ಬೇಸ್‌ಮೆಂಟ್ ಎನ್ನುತ್ತಿದ್ದರು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಬೇಸ್‌ಮೆಂಟ್ ಎಂದರೆ ಅಡಿಪಾಯದ ಮೇಲೆ ಎತ್ತರಿಸಿದ ಕಟ್ಟು, ನೆಲಮಾಳಿಗೆಯಲ್ಲ. ಈ ಮಾತಿನ ಗೊಂದಲವನ್ನು ಮುಂದೆ ಇನ್ನೊಂದು ಶಬ್ದದಲ್ಲೂ ನೋಡಬೇಕಾಯಿತು. ಕೋಣೆಯ ಮೂರು ಗೋಡೆಗಳಿಗೆ ಪೂರ್ತಿ ಮಣ್ಣು ಆನಿಸಿದೆ. ತೋಟದ ಕಡೆಯ ಗೋಡೆಗೂ ಮೂರು ಅಡಿಯವರೆಗೆ ಮಣ್ಣಿದೆ, ಅದರ ಮೇಲೆ ಕಿಟಕಿಗಳು. ತಲೆ ಮುಟ್ಟದಷ್ಟು ಎತ್ತರ ಸಿಗಲೆಂದು ನೆಲವನ್ನು ಅಷ್ಟು ಕೆಳಗೆ ಇಳಿಸಿದ್ದಾರೆ. ಆ ಮೂರು ಅಡಿಯಲ್ಲೇ ಎಲ್ಲ ತೊಂದರೆಯೂ ಇತ್ತು.

ಮಾರ್ಚ್‌ನಲ್ಲಿ ಕೋಣೆ ತಂಪಾಗಿ, ಒಣಗಿ, ಹೊಸ ಬಣ್ಣದ ವಾಸನೆ ಹೊಡೆಯುತ್ತಿತ್ತು. ಭಾವ ಅಲ್ಲಿ ಪುಸ್ತಕದ ಕಪಾಟು ಎಲ್ಲಿ ಇಡಬೇಕು ಎಂದು ಆಗಲೇ ಲೆಕ್ಕ ಹಾಕಿಕೊಂಡಿದ್ದರು. ಅನುಮಾನ ಮೊದಲು ಬಂದದ್ದು ನನಗಲ್ಲ, ತಂಗಿಗೆ. ಮೇಲಿನ ನಡುಮನೆಯಲ್ಲಿ ಅಡಿಕೆ ಮೂಟೆಗಳನ್ನು ಪೇರಿಸಿಟ್ಟಿದ್ದರು, ಓಡಾಡಲು ಜಾಗವಿರಲಿಲ್ಲ. ಅಂಗಳಕ್ಕೆ ಬಂದಾಗ ಅವಳು ಮೆಲ್ಲಗೆ ಕೇಳಿದಳು: "ಕೆಳಗೆ ಅಷ್ಟು ದೊಡ್ಡ ಕೋಣೆ ಖಾಲಿ ಇದ್ದೂ ಅಡಿಕೆಯನ್ನು ನಡುಮನೆಯಲ್ಲಿ ಯಾರಾದರೂ ಇಡುತ್ತಾರಾ, ಅಣ್ಣ?" ತೋಟದ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ತೇವ ತಗುಲಿದರೆ ಬೂಷ್ಟು ಬಂದು ಅಡಿಕೆಯ ದರ ಬಿದ್ದುಹೋಗುತ್ತದೆ. ಹದಿನೈದು ವರ್ಷ ಆ ಮನೆಯಲ್ಲಿದ್ದವರು ತಮ್ಮ ಅಡಿಕೆಯನ್ನು ಆ ಕೋಣೆಯ ವಶಕ್ಕೆ ಒಪ್ಪಿಸಿರಲಿಲ್ಲ.

ನಾವು ತಿರುಗಿ ಕೆಳಗೆ ಇಳಿದೆವು. ಈಗ ಕಂಡದ್ದೇ ಬೇರೆ. ಗೋಡೆಯ ಕೆಳಗಿನ ಮೂರು ಅಡಿಗೆ ಮಾತ್ರ ಹೊಸ ಪುಟ್ಟಿ ಬಿದ್ದಿತ್ತು, ಕೈಯಾಡಿಸಿದರೆ ಮೇಲಿನ ಭಾಗಕ್ಕೂ ಕೆಳಗಿನದಕ್ಕೂ ನುಣುಪಿನಲ್ಲಿ ವ್ಯತ್ಯಾಸ ತಿಳಿಯುತ್ತಿತ್ತು. ಸ್ವಿಚ್ಚುಗಳೆಲ್ಲ ಎದೆಮಟ್ಟಕ್ಕೆ, ಒಂದೇ ಒಂದು ಪ್ಲಗ್ಗು ಕೆಳಗಿಲ್ಲ. ಬಾಗಿಲ ಚೌಕಟ್ಟಿನ ಬುಡಕ್ಕೆ ಒಂಬತ್ತು ಅಂಗುಲ ಬೇರೆ ಮರ ಜೋಡಿಸಿದ್ದರು. ಬಣ್ಣ ಬಳಿಯಲು ಕೈ ಹೋಗದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮೊಬೈಲಿನ ಬೆಳಕು ಬಿಟ್ಟರೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಹತ್ತಿಯಂಥ ಬಿಳಿ ಉಪ್ಪು. ನೀರು ಗೋಡೆಯ ಒಳಗಿಂದ ಲವಣ ಕರಗಿಸಿಕೊಂಡು ಬಂದು, ತಾನು ಆವಿಯಾಗಿ ಹೋಗುವಾಗ ಲವಣವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಬಣ್ಣ ಬಳಿದು ಗೋಡೆಯನ್ನು ಎಷ್ಟೇ ಚೆನ್ನಾಗಿ ಮುಚ್ಚಿದರೂ ಉಪ್ಪು ಬಂದ ದಾರಿ ಮುಚ್ಚುವುದಿಲ್ಲ.

ಕೋಣೆಯ ಮೂಲೆಯಲ್ಲಿ ಕಬ್ಬಿಣದ ಮುಚ್ಚಳವಿತ್ತು. ಯಜಮಾನರು ಮೊದಲ ದಿನವೇ "ಕೆಳಗೆ ಸಂಪ್ ಇದೆ, ಮೋಟಾರೂ ಹೊಸದು" ಎಂದಿದ್ದರು. ಭಾವ ಅದನ್ನು ಮನೆಯ ಅನುಕೂಲಗಳ ಸಾಲಿನಲ್ಲಿ ಬರೆದುಕೊಂಡಿದ್ದರು. ತಪ್ಪೇನಲ್ಲ. ನಮ್ಮ ಕಡೆ ಸಂಪ್ ಎಂದರೆ ನಲ್ಲಿ ನೀರು ತುಂಬಿಸಿಡುವ ನೆಲದೊಳಗಿನ ತೊಟ್ಟಿ, ಅದಿಲ್ಲದ ಮನೆಯನ್ನೇ ಜನ ಕಡಿಮೆ ಎಣಿಸುತ್ತಾರೆ. ಮುಚ್ಚಳ ಎತ್ತಿಸಿದೆ. ಎರಡಡಿ ಉದ್ದ, ಎರಡಡಿ ಅಗಲದ ಗುಂಡಿ. ಒಳಗೆ ಬರುವ ನಲ್ಲಿ ಕೊಳವೆ ಇರಲಿಲ್ಲ. ತಳಕ್ಕೆ ಗಾರೆಯೂ ಇಲ್ಲ, ಬರಿಯ ಜಲ್ಲಿ. ಮೋಟಾರಿನ ಪಕ್ಕ ತೇಲುವ ಬುರುಡೆಯ ಸ್ವಿಚ್ಚು. ಅದರಿಂದ ಹೊರಟ ಕೊಳವೆ ಮೇಲಿನ ಟ್ಯಾಂಕಿಗೆ ಹತ್ತುವ ಬದಲು ಕಿಟಕಿಯ ಪಕ್ಕ ಗೋಡೆ ತೂರಿ ಹೊರಗೆ ಹೋಗಿತ್ತು. ಇದು ನೀರು ಕೂಡಿಡುವ ತೊಟ್ಟಿಯಲ್ಲ, ನೆಲದಡಿಯ ನೀರನ್ನು ಸೇರಿಸಿ ಹೊರಗೆ ಎತ್ತಿ ಹಾಕುವ ಗುಂಡಿ. ಎರಡಕ್ಕೂ ಹೆಸರು ಒಂದೇ. ಯಜಮಾನರು ಸುಳ್ಳು ಹೇಳಿರಲಿಲ್ಲ, ಆದರೆ ಭಾವ ಏನು ತಿಳಿದುಕೊಂಡಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಅದೇ ಸಂಜೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಮರುದಿನ ಸಂಜೆ ಕಿತ್ತು ನೋಡಿದೆವು. ಹಾಳೆಯ ಮೇಲ್ಮೈಯಲ್ಲಿ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಅಡಿಯಲ್ಲಿ ಕಟ್ಟಿದ್ದರೆ ನೆಲದಿಂದ ಬಂದದ್ದು. ನಮಗೆ ಸಿಕ್ಕಿದ್ದು ಅಡಿಯ ಹನಿಗಳು, ಅದೂ ಮಲೆನಾಡಿನ ಒಣ ತಿಂಗಳಲ್ಲಿ.

ಮಳೆಗಾಲದಲ್ಲಿ ಅಲ್ಲಿ ಏನಾಗುತ್ತದೆ ಎಂದು ತಿಳಿಯಲು ಮಳೆಗಾಲದವರೆಗೆ ಕಾಯಬೇಕಾಗಿರಲಿಲ್ಲ, ವಿದ್ಯುತ್ ಬಿಲ್ಲುಗಳು ಇದ್ದವು. ಗೃಹಜ್ಯೋತಿಯಿಂದ ಕಟ್ಟುವ ಹಣ ಸೊನ್ನೆಯಾದರೂ ಬಳಸಿದ ಯೂನಿಟ್ಟು ಬಿಲ್ಲಿನಲ್ಲಿ ಅಚ್ಚಾಗಿಯೇ ಇರುತ್ತದೆ. ಯಜಮಾನರ ಸಂಸಾರ ಬೆಂಗಳೂರು ಸೇರಿ ಆ ಮನೆಗೆ ವಾರಕ್ಕೊಮ್ಮೆ ಬಂದು ಹೋಗುತ್ತಿತ್ತು. ಹಿಂದಿನ ಬಿಲ್ಲುಗಳಲ್ಲಿ ಏಪ್ರಿಲ್‌ಗೆ 14 ಯೂನಿಟ್, ಜುಲೈಗೆ 78. ಬೀಗ ಹಾಕಿದ ಮನೆ ಆಷಾಢದಲ್ಲಿ ಐದು ಪಟ್ಟು ವಿದ್ಯುತ್ ಉರಿಸುತ್ತದೆ ಎಂದರೆ ಒಳಗೆ ಯಾರೋ ದುಡಿಯುತ್ತಿದ್ದಾರೆ ಎಂದೇ ಅರ್ಥ. ಮನೆ ಕೊಳ್ಳುವವರಿಗೆ ಮೊದಲು ಕೇಳಿ ಪಡೆಯಿರಿ ಎಂದು ನಾನು ಈಗ ಹೇಳುವ ಕಾಗದ ಇದು, ಪಹಣಿ, ಖಾತೆಗಳ ಜೊತೆಯಲ್ಲೇ.

ಭಾವನವರಿಗೆ ಮನೆ ಬಿಡಲು ಮನಸ್ಸಿರಲಿಲ್ಲ. ನನಗೂ ಬಿಡಿ ಎನ್ನಲು ಮನಸ್ಸಾಗಲಿಲ್ಲ, ಮೇಲಿನ ಮನೆ ಅಷ್ಟು ಚೆನ್ನಾಗಿತ್ತು. ಕ್ರಯದ ಕರಾರಿಗೆ ಎರಡು ಷರತ್ತು ಸೇರಿಸಿದೆವು. ನೋಂದಣಿ ಆಗಸ್ಟ್‌ನಲ್ಲಿ. ಅದರೊಳಗೆ ಮಳೆಯ ದಿನಗಳಲ್ಲಿ ಬಂದು ಕೆಳಗಿನ ಕೋಣೆ ನೋಡಲು ಅವಕಾಶ, ಒಪ್ಪಿಗೆಯಾಗದಿದ್ದರೆ ಮುಂಗಡ ವಾಪಸ್ಸು. ಯಜಮಾನರು ಮುನಿಸಿಕೊಂಡರು. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮನ್ನು ಅವರಿಗೆ ಓದಿ ಹೇಳಿದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನ ಕಣ್ಣಿಗೆ ಬೀಳದ, ಮಾರುವವನಿಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು ಎಂದು ಅದು ಹೇಳುತ್ತದೆ. ಓದಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರಿದ್ರಾ ಕಳೆಯಲಿ, ಪುನರ್ವಸುವಿನಲ್ಲಿ ಬನ್ನಿ. ಆಗ ಜಲ ಏಳುತ್ತದೆ" ಎಂದರು. ಅಲ್ಲಿಂದ ಮುಂದೆ ಅವರು ಏನನ್ನೂ ಮುಚ್ಚಿಡಲಿಲ್ಲ.

ಜುಲೈ ನಡುವೆ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋದೆವು. ಶಿವಮೊಗ್ಗ ನಗರದವರು ತುಂಗೆಯ ಮಟ್ಟವನ್ನು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ನೋಡಿ ಅಳೆಯುತ್ತಾರೆ. ಮಂಟಪ ಮುಳುಗಿತು ಎಂದರೆ ಊರಿಗೇ ಎಚ್ಚರ. ಈ ಮನೆಗೆ ಆ ಗುಂಡಿಯೇ ಮಂಟಪ. ಮುಚ್ಚಳ ತೆಗೆದು, ಸ್ಟೂಲು ಹಾಕಿಕೊಂಡು, ಕೈಗಡಿಯಾರ ಹಿಡಿದು ಕೂತೆ. ಜಲ್ಲಿಯ ನಡುವಿನಿಂದ ನೀರು ಸದ್ದಿಲ್ಲದೆ ಮೇಲೇರಿ ಬುರುಡೆಯನ್ನು ಎತ್ತುತ್ತಿತ್ತು. ಬುರುಡೆ ಅಡ್ಡ ತಿರುಗಿದ್ದೇ ಪಂಪು ಗುರ್ರೆಂದು ಒಂದು ನಿಮಿಷಕ್ಕಿಂತ ಕೊಂಚ ಹೆಚ್ಚು ಓಡಿ ನಿಲ್ಲುತ್ತಿತ್ತು. ನಿಂತಲ್ಲಿಂದ ಮತ್ತೆ ಹೊರಡುವುದಕ್ಕೆ ಆರು ನಿಮಿಷ. ಅಷ್ಟರಲ್ಲಿ ನೀರು ಮೂವತ್ತು ಸೆಂಟಿಮೀಟರ್ ಏರಿರುತ್ತಿತ್ತು. ಅರವತ್ತು ಸೆಂಟಿಮೀಟರ್ ಚೌಕದ ಗುಂಡಿಗೆ ಅದು 108 ಲೀಟರ್, ನಿಮಿಷಕ್ಕೆ 18, ದಿನಕ್ಕೆ ಸುಮಾರು 26,000 ಲೀಟರ್. ಸಾಮಾನ್ಯ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕೈದು ಲೋಡು.

ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ಇಟ್ಟೆ. ಮರುದಿನವೂ ತಿಳಿಯಾಗಿಯೇ ಇತ್ತು, ತಳದಲ್ಲಿ ಚಿಟಿಕೆ ಮಣ್ಣೂ ಕೂತಿರಲಿಲ್ಲ. ಅದನ್ನು ನೋಡಿ ನನಗೆ ಉಸಿರು ಬಂದಂತಾಯಿತು. ಮಣ್ಣು ಕದಡಿದ ನೀರಾಗಿದ್ದರೆ ಅಡಿಪಾಯದ ಕೆಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ ಎಂದು ತಿಳಿದು ಆ ದಿನವೇ ಮುಂಗಡ ವಾಪಸ್ಸು ಕೇಳುತ್ತಿದ್ದೆ.

ಆಮೇಲೆ ಯಜಮಾನರ ಒಪ್ಪಿಗೆ ಪಡೆದು ಪಂಪಿನ ಸ್ವಿಚ್ಚು ಆರಿಸಿದೆವು. ಎಂಟೇ ನಿಮಿಷದಲ್ಲಿ ನೀರು ನೆಲದ ಮಟ್ಟ ಮುಟ್ಟಿತು. ಮುಕ್ಕಾಲು ಗಂಟೆಗೆ ಕೋಣೆಯಿಡೀ ಪಾದ ನೆನೆಯುವಷ್ಟು ನೀರು. ಮಳೆಗಾಲದಲ್ಲಿ ಮರ ಬಿದ್ದು ಒಂದೊಂದು ದಿನ ಕರೆಂಟು ಇರದ ಊರು ಅದು. ಮೇಲಿನ ಮನೆಯ ಇನ್ವರ್ಟರ್ ಇದಕ್ಕೆ ಸಾಲದು: ಅರ್ಧ ಅಶ್ವಶಕ್ತಿಯ ಮೋಟಾರು ಓಡುವಾಗ ಎಳೆಯುವ ಕರೆಂಟಿನ ಹಲವು ಪಟ್ಟನ್ನು ಹೊರಡುವ ಕ್ಷಣದಲ್ಲಿ ಎಳೆಯುತ್ತದೆ, ದೀಪ ಫ್ಯಾನುಗಳಿಗೆಂದು ತಂದ ಇನ್ವರ್ಟರು ಅಲ್ಲೇ ಕೈಚೆಲ್ಲುತ್ತದೆ.

ಹೊರಗೆ ಹೋಗಿ ನೋಡಿದರೆ ಇನ್ನೊಂದು ಸಂಗತಿ. ಪಂಪಿನ ಕೊಳವೆ ಗೋಡೆಯಿಂದ ಮೂರೇ ಅಡಿ ದೂರದಲ್ಲಿ ನೀರು ಸುರಿಯುತ್ತಿತ್ತು. ಸುರಿದ ನೀರು ಅಲ್ಲೇ ಇಂಗಿ, ಗೋಡೆಯಡಿಗೆ ಇಳಿದು, ಮತ್ತೆ ಗುಂಡಿಗೆ. ತೋಟಕ್ಕೆ ನೀರು ಹಾಯಿಸುವ ಮಡಚುವ ಪೈಪು ಯಜಮಾನರ ಕೊಟ್ಟಿಗೆಯಲ್ಲಿತ್ತು. ಅದನ್ನು ಕೊಳವೆಯ ಬಾಯಿಗೆ ಬಿಗಿದು ನೀರನ್ನು ಹದಿನೈದು ಮೀಟರ್ ಆಚೆಯ ಹಳ್ಳಕ್ಕೆ ಬಿಟ್ಟೆವು. ಸಂಜೆಯ ಹೊತ್ತಿಗೆ ಆರು ನಿಮಿಷ ಒಂಬತ್ತಾಯಿತು. ಮಳೆ ಮಾತ್ರ ಬೆಳಗಿನಷ್ಟೇ ಜೋರಾಗಿತ್ತು. ಮೂರರಲ್ಲೊಂದು ಪಾಲು ನೀರು ವರ್ಷಗಳಿಂದ ಅದೇ ಜಾಗದಲ್ಲಿ ಸುತ್ತುತ್ತಿತ್ತು, ಅದಕ್ಕೆ ಪಂಪು ದುಡಿಯುತ್ತಿತ್ತು.

ಇಷ್ಟೆಲ್ಲ ಅಳೆಯುತ್ತಿದ್ದಾಗ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಬೇರೆ. ಗುಡ್ಡದ ಮೇಲಿನ ಮನೆಗೆ ಪಂಪು ಯಾಕೆ ಬೇಕು? ಬಯಲಿನಲ್ಲಿ, ಕೆರೆ ಏರಿಯ ಕೆಳಗೆ ಕಟ್ಟಿದ ಮನೆಗೆ ಬೇಕು, ನೀರಿಗೆ ಹೋಗಲು ತಗ್ಗಿಲ್ಲ. ಇಲ್ಲಿ ಕಣ್ಣೆದುರೇ ಇಳಿಜಾರಿದೆ. ನಮ್ಮ ಹಿರಿಯರು ಗುಡ್ಡದ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಬ್ಬಿ ನೀರನ್ನು ಬಚ್ಚಲ ಹಂಡೆಯವರೆಗೆ ಹರಿಸಿ ತಂದವರು. ಕರೆಂಟಿಲ್ಲದೆ ಒಳಗೆ ಬರುವ ನೀರು ಕರೆಂಟಿಲ್ಲದೆ ಹೊರಗೂ ಹೋಗಬೇಕು.

ಕೇಳಿದಾಗ ಯಜಮಾನರ ವೃದ್ಧ ತಾಯಿ ಹೇಳಿದರು: "ಮೊದಲು ಪೈಪಿತ್ತಪ್ಪ. ಕೆಳಗಿನ ತೋಟದವರು ಮುಚ್ಚಿಸಿದರು." ಕಟ್ಟುವಾಗ ಮೇಸ್ತ್ರಿ ನೆಲದಡಿಯಿಂದ ಒಂದು ಸಿಮೆಂಟು ಕೊಳವೆ ಹೂತು ಇಳಿಜಾರಿಗೆ ಬಾಯಿ ಬಿಟ್ಟಿದ್ದರಂತೆ. ಆ ಬಾಯಿ ಇದ್ದದ್ದು ಪಕ್ಕದವರ ತೋಟದಲ್ಲಿ. ನಾನು ಆ ತೋಟದವರನ್ನು ಹೋಗಿ ಕಂಡೆ. ಅವರ ಮಾತಿನಲ್ಲಿ ನ್ಯಾಯವಿತ್ತು. ಕೊಳವೆಯ ನೀರು ಒಂದೇ ಕಡೆ ನಿಂತು, ಆ ಸಾಲಿನ ಕಾಳುಮೆಣಸಿನ ಬಳ್ಳಿಗಳೆಲ್ಲ ಸೊರಗು ರೋಗ ಬಂದು ಹೋಗಿದ್ದವು. ಬುಡದಲ್ಲಿ ನೀರು ನಿಂತರೆ ಮೆಣಸಿಗೆ ಉಳಿವಿಲ್ಲ ಎಂಬುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ಜಮೀನಿನಲ್ಲಿ ತಾನಾಗಿ ಹುಟ್ಟುವ, ಬೀಳುವ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯುವುದನ್ನು ಕೆಳಗಿನವರು ತಡೆಯುವಂತಿಲ್ಲ ಎಂದು 1882ರದ್ದೇ ಆದ ಅನುಭೋಗದ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೆ ಅದು ಹರಡಿ ಹರಿಯುವ ನೀರಿನ ಮಾತು. ಕೊಳವೆಯಲ್ಲಿ ಕೂಡಿಸಿ ಒಬ್ಬರ ಬಳ್ಳಿಯ ಬುಡಕ್ಕೆ ಸುರಿಯುವ ಹಕ್ಕನ್ನು ಆ ಮಾತು ಕೊಡುವುದಿಲ್ಲ. ಕೊಳವೆ ಮುಚ್ಚಿದ ಮೇಲೆ ಗುಂಡಿ ತೋಡಿ ಪಂಪು ಇಟ್ಟದ್ದು. ಎರಡು ಮನೆಯವರು ಕೂತು ಮಾತಾಡಿ ನೀರಿಗೆ ಬೇರೆ ದಾರಿ ಹುಡುಕಿದ್ದರೆ ಪಂಪಿನ ಅಗತ್ಯವೇ ಬರುತ್ತಿರಲಿಲ್ಲ.

ಈ ನಡುವೆ ಭಾವ ಯಾರನ್ನೋ ವಿಚಾರಿಸಿ ಒಳಗಿನಿಂದ ಗೋಡೆಗೆ, ನೆಲಕ್ಕೆ ವಾಟರ್‌ಪ್ರೂಫಿಂಗ್ ಹೊಡೆಸಿದರೆ ಸಾಕು ಎಂಬ ಸಲಹೆ ತಂದರು, ದರಪಟ್ಟಿಯೂ ಬಂದಿತ್ತು. ನಾನು ಒಪ್ಪಲಿಲ್ಲ. ಕಾರಣವನ್ನು ಅವರಿಗೆ ಲೆಕ್ಕ ಮಾಡಿಯೇ ತೋರಿಸಿದೆ, ಮೇಷ್ಟರಿಗೆ ಲೆಕ್ಕವೇ ಒಪ್ಪಿಗೆ. ಹೊರಗಿನ ಮಣ್ಣಿನಲ್ಲಿ ನೀರು ನೆಲಕ್ಕಿಂತ 1.2 ಮೀಟರ್ ಮೇಲೆ ನಿಂತರೆ, ಅದು ನೆಲವನ್ನು ಅಡಿಯಿಂದ ಚದರ ಮೀಟರಿಗೆ 1,200 ಕಿಲೋ ಭಾರದಷ್ಟು ಮೇಲಕ್ಕೆ ಒತ್ತುತ್ತದೆ. ನಾಲ್ಕು ಅಂಗುಲದ ಕಾಂಕ್ರೀಟು ನೆಲದ ತೂಕ ಚದರ ಮೀಟರಿಗೆ ಸುಮಾರು 250 ಕಿಲೋ. ಗುಂಡಿ ಮುಚ್ಚಿ ಒಳಗಿನಿಂದ ಬಿಗಿದರೆ ಆ ಒತ್ತಡ ನೆಲವನ್ನು ಬಿರಿಯುತ್ತದೆ, ಇಲ್ಲವೇ ಗೋಡೆಯಲ್ಲಿ ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ಒತ್ತುವ ನೀರನ್ನು ಮನೆ ಮುಟ್ಟುವ ಮೊದಲೇ ಬೇರೆ ಕಡೆ ತಿರುಗಿಸಬೇಕು.

ಆ ನೀರು ಬರುತ್ತಿದ್ದದ್ದು ಮೇಲಿನಿಂದ. ಜಂಬಿಟ್ಟಿಗೆ ತೂತುತೂತಿನ ಕಲ್ಲು, ಬಿದ್ದ ಮಳೆಯನ್ನು ಸೋಸಿ ಕೆಳಗೆ ಬಿಡುತ್ತದೆ. ಅದರಡಿಯ ಶೇಡಿ ಮಣ್ಣು ನೀರನ್ನು ಅಷ್ಟು ಸುಲಭವಾಗಿ ಬಿಡದು. ಎರಡರ ನಡುವೆ ನೀರು ಇಳಿಜಾರು ಹಿಡಿದು ಹೊರಡುತ್ತದೆ, ಎಲ್ಲಿ ಧರೆ ಕಡಿದಿದ್ದಾರೋ ಅಲ್ಲಿ ಹೊರಬೀಳುತ್ತದೆ. ಈ ಮನೆಯ ಕೆಳಗಿನ ಕೋಣೆ ಎಂದರೆ ಅಂಥ ಕಡಿದ ಧರೆ. ಅದರ ಮೇಲೆ ಮಾಡಿನ ನೀರು ಬೇರೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ರಸ್ತೆಯ ಕಡೆಯ ಮಾಡು 65 ಚದರ ಮೀಟರ್, 100 ಮಿಲಿಮೀಟರ್ ಸುರಿದ ದಿನ ಅದೊಂದರಿಂದಲೇ 6,500 ಲೀಟರ್ ರಸ್ತೆ ಕಡೆಯ ಗೋಡೆಯ ಬುಡಕ್ಕೆ.

ಬೆಲೆಯಲ್ಲಿ ಮೂರು ಲಕ್ಷ ಇಳಿಸಿಕೊಂಡು ಶ್ರಾವಣ ಮುಗಿಯುವ ಮೊದಲು ನೋಂದಣಿ ಆಯಿತು. ಹಳ್ಳದವರೆಗೆ ನೀರು ಹೋಗುವ ದಾರಿಯನ್ನು ಕ್ರಯಪತ್ರದ ನಕ್ಷೆಯಲ್ಲೇ ತೋರಿಸಿದ್ದೇವೆ. ತೋಟದವರೂ ತಮ್ಮ ಗಡಿಯಂಚಿನಲ್ಲಿ ಕೊಳವೆ ಹಾಯಲು ಬರೆದು ಒಪ್ಪಿದರು, ಮೆಣಸಿನ ಸಾಲಿನಿಂದ ದೂರ ಇರಬೇಕೆಂಬ ಷರತ್ತಿನ ಮೇಲೆ.

ಕೆಲಸ ನಡೆದದ್ದು 2025ರ ಜನವರಿ, ಫೆಬ್ರವರಿಯಲ್ಲಿ. ಮಳೆಯಲ್ಲಿ ಧರೆಯ ಹತ್ತಿರ ಅಗೆಯುವುದು ಅಪಾಯವನ್ನು ಕರೆದುಕೊಂಡಂತೆ. ರಸ್ತೆಗೂ ಮನೆಗೂ ನಡುವೆ, ಗೋಡೆಯಿಂದ ಐದಡಿ ಬಿಟ್ಟು, ಮನೆಯ ಉದ್ದಕ್ಕೂ ಬಸಿಗಾಲುವೆ ತೋಡಿಸಿದೆ. ಆರೂವರೆ ಅಡಿಗೆ ಶೇಡಿ ಮಣ್ಣು ಸಿಕ್ಕಿತು. ಒಂದೇ ಸಲ ಇಡೀ ಉದ್ದ ತೋಡದೆ, ಹತ್ತು ಅಡಿ ತೋಡಿ, ಎರಡೂ ಬದಿಗೆ ಹಲಗೆ ಕೊಟ್ಟು, ತುಂಬಿ, ಮುಂದಿನ ಹತ್ತಕ್ಕೆ ಹೋದೆವು. ಹಲಗೆ ಕೊಡದೆ ಅಷ್ಟು ಆಳಕ್ಕೆ ಆಳನ್ನು ಇಳಿಸುವ ಮೇಸ್ತ್ರಿಯ ಜೊತೆ ನಾನು ಕೆಲಸ ಮಾಡುವುದಿಲ್ಲ. ತಳಕ್ಕೆ ಬಸಿಯುವ ಬಟ್ಟೆ ಹಾಸಿ, ತೂತಿನ ಕೊಳವೆಯನ್ನು ನೂರಕ್ಕೆ ಒಂದರ ಇಳಿಜಾರಿನಲ್ಲಿ ಇಟ್ಟು, ಮೇಲೆ ಜಲ್ಲಿ ತುಂಬಿ, ಬಟ್ಟೆಯನ್ನು ಮಡಚಿ ಮುಚ್ಚಿದೆವು. ಬಟ್ಟೆ ಇಲ್ಲದಿದ್ದರೆ ಎರಡು ಮೂರು ಮಳೆಗಾಲದಲ್ಲಿ ಮಣ್ಣು ಕಟ್ಟಿ ಕಾಲುವೆ ಸತ್ತುಹೋಗುತ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ, ಅದನ್ನು ಬೇರೆಯದೇ ಕೊಳವೆಯಲ್ಲಿ ಹಳ್ಳಕ್ಕೆ ಒಯ್ದೆವು. ಮಾಡಿನ ಕಸ ಬಸಿಗಾಲುವೆಗೆ ಸೇರಬಾರದು. ಒಟ್ಟು ಎರಡು ಲಕ್ಷ ಹತ್ತು ಸಾವಿರ ಖರ್ಚು. ಪಂಪನ್ನು ತೆಗೆಸಲಿಲ್ಲ. ನೀರು ಹಿಂದಿರುಗದಂತೆ ತಡೆಯುವ ವಾಲ್ವು ಹಾಕಿಸಿ, ಕೊಳವೆಯನ್ನು ಹಳ್ಳದವರೆಗೆ ಉದ್ದ ಮಾಡಿಸಿದೆ.

ಆ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿಯಿತು. ಜೂನ್‌ನಲ್ಲಿ ಹಳ್ಳದ ಬದಿಯ ಕೊಳವೆಯಿಂದ ಹೆಬ್ಬೆರಳು ಗಾತ್ರದ ನೀರು, ಜುಲೈನಲ್ಲಿ ಮುಂಗೈ ಗಾತ್ರ. ತಂಗಿ ಗೋಡೆಗೆ ಒಂದು ಕ್ಯಾಲೆಂಡರು ನೇತುಹಾಕಿ, ಪಂಪು ಓಡಿದಾಗಲೆಲ್ಲ ಆ ದಿನದ ಚೌಕದಲ್ಲಿ ಒಂದು ಗೀರು ಹಾಕುತ್ತಿದ್ದಳು. ಹಗಲಿನ ಲೆಕ್ಕ ಅದು, ರಾತ್ರಿಯದ್ದು ಸಿಗುವುದಿಲ್ಲ. ಹಿಂದಿನ ವರ್ಷ ಗಂಟೆಗೆ ಎಂಟು ಸಲ ಓಡಿದ್ದ ಪಂಪು ಪುನರ್ವಸುವಿನ ಅತಿ ಜೋರು ದಿನ ಹಗಲಿಡೀ ಐದು ಸಲ ಓಡಿತ್ತು. ಎಡಗೋಡೆಯ ಬುಡ ಇನ್ನೂ ಒದ್ದೆ. ಆ ಕಡೆಗೆ ಬಸಿಗಾಲುವೆ ತಿರುಗಿಸಲು ನೆರೆಯವರ ಹಲಸಿನ ಮರದ ಬೇರು ಅಡ್ಡ ಬಂದಿತ್ತು, ಕಡಿಯುವುದು ಬೇಡವೆಂದು ಬಿಟ್ಟೆವು. ಅಲ್ಲಿ ಪುಟ್ಟಿ ಕಿತ್ತು, ಸುಣ್ಣದ ಗಾರೆ ಹಾಕಿಸಿ, ಗೋಡೆ ಉಸಿರಾಡಲು ಬಿಟ್ಟಿದ್ದೇನೆ.

ಕೋಣೆಯಲ್ಲಿ ಈಗ ಸೈಕಲ್ಲು, ತೆಂಗಿನಕಾಯಿ, ಹಳೆಯ ಪಾತ್ರೆಗಳಿವೆ. ಮೊನ್ನೆ ಭಾವ ಫೋನ್ ಮಾಡಿ, "ಕಪಾಟು ಇಳಿಸಬಹುದಾ?" ಎಂದು ಕೇಳಿದರು. ಬಲಗೋಡೆಗೆ, ನಾಲ್ಕು ಅಂಗುಲ ಬಿಟ್ಟು, ಮೊದಲು ಖಾಲಿ ಕಪಾಟು ಇಡಿ, ಒಳಗೆ ಒಂದೇ ಒಂದು ಹಳೆಯ ಪುಸ್ತಕ ಇಟ್ಟು ಆಶ್ಲೇಷ ಮಳೆ ಮುಗಿಯುವವರೆಗೆ ನೋಡಿ ಎಂದಿದ್ದೇನೆ.